ಎರಡನೇ ಸೀಡಿ

ದೇವನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ನಲ್ಲೂರು ಬಸ್ಸಿಗೆ ಕಾಯುತ್ತಿದ್ದ ಲಕ್ಕಮ್ಮನ ಕಿವಿಯೆಲ್ಲ ಪಕ್ಕದಲ್ಲಿ ಕೂತ ಅಕ್ಕತಂಗಿಯರ ಮಾತಿನ ಮೇಲೇ ಇತ್ತು.

"ಮತ್ತೆ ನಿನ್ನ ಗಂಡನ ಫೋನೇನೇ, ಭಾನು?"

"ನಾಲ್ಕನೇ ಸಲ. ತಲುಪಿದ್ಯಾ ಅಂತಲ್ಲ ಅಕ್ಕ, ಕೊಲೆ ಮಾಡಿದ್ದು ಯಾರು ಅಂತ."

"ಯಾವ ಕೊಲೆನೇ?"

"ಪಿಕ್ಚರಿಂದು. ಸಸ್ಪೆನ್ಸ್ ಅಂದ್ರೆ ಮೊದ್ಲು ಎರಡನೇ ಸೀಡಿ ಹಾಕಿ ಕೊಲೆಗಾರನ್ನ ನೋಡ್ಕೊಂಬಿಡ್ತಾರೆ. ಆಮೇಲೆ ನಾನು ಮೊದಲನೇದು ನೋಡ್ತಾ ಕೂತ್ರೆ, 'ಇವನೇ ಕಣೇ' ಅಂತಾರೆ. ಅದಕ್ಕೇ ಈ ಸಲ ಎರಡನೇದನ್ನ ಬ್ಯಾಗಿಗೆ ಹಾಕ್ಕೊಂಡು ತವರಿಗೆ ಹೊರಟೆ."

"ಪಾಪ ಕಣೇ."

"ಪಾಪನಾ? ಮದುವೆಯಾಗಿ ಮೂರು ವರ್ಷ, ಒಂದ್ಸಲಾನೂ ತವರಿಗೆ ಬಂದು ಕರ್ಕೊಂಡು ಹೋದೋರಲ್ಲ. ಈಗ ನಾಳೆನೇ ಬರ್ತಾರಂತೆ."

"ನಿನ್ನ ಕರ್ಕೊಂಡು ಹೋಗೋಕಾ?"

ಬೂದಿಗೆರೆ ಬಸ್ಸು ಬಂತು. ಭಾನು ಬ್ಯಾಗನ್ನು ಎದೆಗವಚಿಕೊಂಡು ಎದ್ದಳು.

"ಸೀಡೀನ ಕರ್ಕೊಂಡು ಹೋಗೋಕೆ. ಅದರ ಜೊತೇಲಿ ನಾನೂ ಹೋಗ್ತೀನಿ."