ಬಾನಿಗೆ ಒಂದು ಚೆಂಬು ನೀರು

ಉಪಕಾರ ಸ್ಮರಣೆ, ಉಪಕಾರ ಸ್ಮರಣೆ ಅಂತ ಆಗಿನಿಂದ ಹೇಳುತ್ತಲೇ ಇದ್ದೇನೆ. ಹಿಂದಿನ ಸಾಲಿನಲ್ಲಿ ಇಬ್ಬರು ಆಗಲೇ ತೂಕಡಿಸುತ್ತಿದ್ದಾರೆ! ಇರಲಿ, ಎಬ್ಬಿಸಬೇಡಿ. ಒಂದು ಕಥೆ ಹೇಳುತ್ತೇನೆ, ತಾವಾಗಿಯೇ ಏಳುತ್ತಾರೆ.

ಒಂದೂರಿನಲ್ಲಿ ಒಬ್ಬ ಸಾಹುಕಾರ. ಯಾವುದಕ್ಕೂ ಕೊರತೆಯಿಲ್ಲ. ಆದರೆ ಹೆಂಡತಿ ಎಂಟು ತಿಂಗಳು ಹಾಸಿಗೆ ಹಿಡಿದಳು. ಸಾಹುಕಾರನಿಗೆ ಜೀವವೇ ಬಾಯಿಗೆ ಬಂತು. "ಇಕಿ ಎದ್ದರ ಸಾಕು, ಗುಡ್ಡದ ನಾರಾಯಣನ ತನಕ ನಡಿಸ್ಕೊಂಡು ಬರ್ತೀನಿ" ಅಂತ ಹರಕೆ ಹೊತ್ತ. ದೇವರು ದೊಡ್ಡವನು, ಆಕೆ ಎದ್ದಳು.

ಆ ಗುಡ್ಡದ ನೆತ್ತಿಯಲ್ಲಿ ಶೇಷನ ಮೇಲೆ ಮಲಗಿದ ನಾರಾಯಣನನ್ನು ಯಾವ ಕಾಲದಲ್ಲೋ ಯಾರೋ ಬಂಡೆಯಲ್ಲೇ ಕಡೆದಿದ್ದರು. ಮೆಟ್ಟಿಲೂ ಬಂಡೆಯಲ್ಲೇ. ಸಾಹುಕಾರ ಹೆಂಡತಿಯನ್ನು ಕರೆದುಕೊಂಡು ಬಂದಾಗ ಬುಡದಲ್ಲಿ ಹೂ ಮಾರುವ ಮುದುಕಿಯೊಬ್ಬಳು ಕೂತಿದ್ದಳು.

"ಯಪ್ಪಾ, ಮ್ಯಾಲ ನೀರಿಲ್ಲ. ಈ ಹೊಂಡದಾಗಿಂದ ಒಂದು ಚೆಂಬು ತುಂಬ್ಕೊಂಡು ಹೋಗ್ರಿ. ನಡುದಾರ್ಯಾಗ ಕಲ್ಲಿನ ಬಾನಿ ಐತಿ, ಅದಕ್ಕ ಸುರೀರಿ. ಇಲ್ಲಿ ಪದ್ಧತಿ ಹಂಗ."

"ಯಾರು ಕುಡಿಯಾಕಬೇ?"

"ಹಿಂದ ಬರೋರು."

ಸಾಹುಕಾರ ನಕ್ಕುಬಿಟ್ಟ. "ದೇವರಿಗೆ ಬೆಳ್ಳಿ ದೀಪ ತಂದೀನಿ ಬೇ. ಗುರುತಿಲ್ಲದವ್ರಿಗೆ ನೀರು ಹೊರಾಕ ನಾ ಬಂದಿಲ್ಲ."

ನೋಡಿ, ಹೊರಟೇಬಿಟ್ಟ! ಬಗಲಲ್ಲಿ ದೀಪದ ಗಂಟು, ಕೈಯಲ್ಲಿ ಒಂದೇ ಒಂದು ಬಾಟಲಿ ನೀರು. ಅರ್ಧ ದಾರಿಗೆ ಮುಂಚೆಯೇ ಅದು ಖಾಲಿ, ಬಾಟಲಿಯನ್ನು ಎಸೆದೇಬಿಟ್ಟ. ಬಿಸಿಲಿಗೆ ಬಂಡೆ ಕಾದು ಕಾವಲಿಯಾಗಿತ್ತು. ಹೆಂಡತಿ ಕುಸಿದು ಕೂತಳು.

"ನನ್ನ ಕೈಲೆ ಆಗೂದಿಲ್ರೀ. ತಿರುಗಿ ಹೋಗೂಣು."

ಅವಳ ತುಟಿ ಬೆಳ್ಳಗಾಗಿತ್ತು. ಹರಕೆ ಹಾಳಾಗಲಿ, ಇವಳು ಉಳಿದರೆ ಸಾಕು ಅನ್ನಿಸಿತು ಅವನಿಗೆ. ಆಗ ಬಾನಿ ನೆನಪಾಯಿತು. ಓಡಿದ. ಓಡುವಾಗ ಏನು ಯೋಚನೆ ಬಂದಿರಬೇಕು ಹೇಳಿ? ಬಂದವರೆಲ್ಲ ನನ್ನ ಹಾಗೇ ನಕ್ಕು ಬಂದಿದ್ದರೆ?

ಮುಚ್ಚಿದ ಹಲಗೆ ಸರಿಸಿದ. ಬಾನಿ ತುಂಬಿತ್ತು! ಅಂಚಿನ ತನಕ ತಣ್ಣನೆಯ ನೀರು. ಮೊಗೆಯಲು ಚೆಂಬಿಲ್ಲ. ಎಲ್ಲಿಂದ ಬರಬೇಕು, ತಂದಿದ್ದರೆ ತಾನೆ? ಗಂಟು ಬಿಚ್ಚಿದ, ದೇವರ ಬೆಳ್ಳಿ ದೀಪದಲ್ಲೇ ನೀರು ಮೊಗೆದ, ತಂದು ಹೆಂಡತಿಗೆ ಕುಡಿಸಿದ. ಮೂರು ಸಲ ತಂದ. ಆಕೆ ಕಣ್ಣು ಬಿಟ್ಟಳು. ಅವನು ಅಲ್ಲೇ ಕೂತು ಗಳಗಳ ಅತ್ತ.

ಸಂಜೆಯೊಳಗೆ ಇಬ್ಬರೂ ಮೇಲೆ ತಲುಪಿದರು. ಆಕೆ ನಡೆದೇ ಬಂದು ಸ್ವಾಮಿಯ ಮುಖ ನೋಡಿದಳು. ಸಾಹುಕಾರ ಮಾತ್ರ ದೀಪ ಹಿಡಿದು ಹಿಂದೆಯೇ ನಿಂತ.

"ಪೂಜಾರ್ರ, ತಪ್ಪಾತು. ಇದು ಎಂಜಲಾಗೇತಿ. ಇಕಿ ಇದರಾಗ ನೀರು ಕುಡದಾಳ."

ಪೂಜಾರಿ ದೀಪ ಇಸಿದುಕೊಂಡು ಎಣ್ಣೆ ಹಾಕಿದರು. "ಹಂಗಾರ ದೇವರಿಗೆ ನಡುದಾರ್ಯಾಗ ಮುಟ್ಟೇತಿ ಬಿಡ್ರಿ. ಇಲ್ಲಿ ಬರೇ ಹಚ್ಚೋದು ಉಳಿದೈತಿ."

"ಆ ನೀರು ಹಾಕಿದವ್ರು ಯಾರ್ರಿ? ಕಾಲು ಹಿಡೀಬೇಕು."

"ಯಾರಿಗೆ ಗೊತ್ತು? ಈ ಸ್ವಾಮೀನ ಕಡದವ್ರು ಯಾರಂತನೂ ನಮಗ ಗೊತ್ತಿಲ್ಲ."

ಇಳಿದು ಬಂದವನೇ ಹೆಂಡತಿಯನ್ನು ಮುದುಕಿಯ ಪಕ್ಕ ಕೂರಿಸಿದ, ಒಂದು ಚೆಂಬು ಇಸಿದುಕೊಂಡ, ಹೊಂಡದಲ್ಲಿ ತುಂಬಿಕೊಂಡು ಮತ್ತೆ ಅರ್ಧ ಗುಡ್ಡ ಹತ್ತಿದ.

ಈಗ ನಿಮ್ಮ ಮಾತು. ನೀವು ಕುಡಿದ ನೀರನ್ನು ಯಾರು ಹೊತ್ತರು, ಲೆಕ್ಕ ಇದೆಯೇ? ನಿಮಗೆ ಅಕ್ಷರ ಕಲಿಸಿದವರು, ನಿಮ್ಮ ತಾಯಿಗೆ ಹೆರಿಗೆ ಮಾಡಿಸಿದ ಸೂಲಗಿತ್ತಿ, ಹೆಸರು ಹೇಳಿ ನೋಡೋಣ! ಎಷ್ಟೋ ಜನ ಹೋಗಿಬಿಟ್ಟರು. ಅವರಿಗೆ ತಿರುಗಿ ಕೊಡಲಾಗದು, ಹಿಂದೆ ಬರುವವರಿಗೆ ಕೊಡಬಹುದು. ನಾಳೆ ಬೆಳಿಗ್ಗೆ ನಿಮ್ಮ ಬಾಗಿಲ ಹೊರಗೆ ಒಂದು ಕೊಡ ನೀರಿಡಿ. ಮುಚ್ಚಿಡಿ. ಮೇಲೆ ಹೆಸರು ಬರೆಸಬೇಡಿ. ಯಾರು ಕುಡಿದರು ಅಂತ ಕಿಟಕಿಯಿಂದ ಇಣುಕಲೂಬೇಡಿ.