ಗಾದಿಲಿಂಗಮ್ಮ, ಪುಟ ನಲವತ್ತಾರು

ಆ ಬೆಳಿಗ್ಗೆ ಆದೋನಿಯ ಮೇಲೆ ಮಂಜು ಇಳಿದು ಬಸ್ ನಿಲ್ದಾಣದ ಕಲ್ಲುಬೆಂಚೂ ಒದ್ದೆಯಾಗಿತ್ತು. ನಾನು ಈರಣ್ಣ ದೇವರನ್ನು ನೆನೆಯುತ್ತ ಉರುಕುಂದದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಊರಿಗೆ ಹೊರಟಿದ್ದ ಕಾಲೇಜು ಮೇಷ್ಟ್ರನ್ನು ಶಿಷ್ಯೆಯೊಬ್ಬಳು ಹುಡುಕಿಕೊಂಡು ಬಂದಿದ್ದಳು. ಅವಳ ಸಂಶೋಧನಾ ಪ್ರಬಂಧಕ್ಕೆ ಸಹಿ ಬೀಳಲು ಅಂದೇ ಕಡೆಯ ದಿನವಂತೆ.

“ಏನಮ್ಮಾ ಶಿರೀಷಾ, ಇಲ್ಲಿ ಆಧಾರ ಅಂತ ಬರ್ದೀಯಲ್ಲ, ‘ಹತ್ತಿ ಬಿಡಿಸುವ ಕೂಲಿ, ಲೇಖಕಿ ಗಾದಿಲಿಂಗಮ್ಮ, ಪುಟ ನಲವತ್ತಾರು.’ ಲೈಬ್ರರಿ ಎಲ್ಲಾ ಹುಡುಕಿದೆ. ಈ ಮಹಾಗ್ರಂಥ ಎಲ್ಲೈತಿ?”

“ಚಿಪ್ಪಗಿರಿ ಹೊಲದಾಗ ಐತಿ ಸಾರ್. ನಮ್ಮವ್ವ.”

“ಓಹೋ! ಪುಟ?”

“ಆಕಿ ವಯಸ್ಸು. ಅವ್ವ ಹೇಳಿದ್ದು ಆಧಾರ ಅಲ್ಲ, ಪುಸ್ತಕ, ಪುಟ ಬೇಕು ಅಂತ ಆಕಿ ಮಾತಿನ ನಾಕು ಹಾಳಿ ಹೋದ ಸಲ ಪ್ರಬಂಧದಿಂದ ನೀವೇ ಕಿತ್ತು ಇಟ್ಕೊಂಡ್ರಿ. ಅದಕ್ಕ ಅವ್ವನ್ನ ಪುಸ್ತಕ ಮಾಡಿದೆ.”

“ಭಾಳ ಶಾಣ್ಯಾಕಿ. ಏನಂತಾಳ ನಿಮ್ಮ ಪಂಡಿತಮ್ಮ?”

“ಮಂಜಿನಾಗ ಬಿಡಿಸಿದ ಹತ್ತಿ ತೂಕ ಜಾಸ್ತಿ. ಕೂಲಿ ಕಿಲೋ ಲೆಕ್ಕ. ಅದಕ್ಕ ಬಿಸಿಲು ಏರೋತನಕ ಸಾವ್ಕಾರ ಹೊಲಕ್ಕ ಬಿಡಂಗಿಲ್ಲ. ಕಾದದ್ದಕ್ಕ ಕೂಲಿ ಇಲ್ಲ.”

“ಎದುರು ವಾದ ಇಲ್ಲದ್ದು ಪ್ರಬಂಧ ಏನು?”

“ಮುಂದಿನ ಹಾಳಿ ನೋಡ್ರಿ. ಸಾವ್ಕಾರ ಕೊಟ್ರಬಸಪ್ಪ: ಹಸಿ ಹತ್ತಿ ಬಣ್ಣ ಕೆಡತೈತಿ, ಮಿಲ್ಲಿನೋರು ರೇಟು ಇಳಸ್ತಾರ. ಪುಟ ಅರವತ್ತೊಂದು.”

“ಅವರೂ ಪುಸ್ತಕ ಆದ್ರಾ! ಈಗ ನಿಮ್ಮವ್ವನ್ನ ಓದಬೇಕಂದ್ರ?”

“ಬದುವಿನ ಮ್ಯಾಲೆ ಕುಂತಿರ್ತಾಳ ಸಾರ್, ಬಿಸಿಲು ಕಾಯ್ಕೋತ.”

ಮೇಷ್ಟ್ರು ಇನ್ನೂ ಕರಗದ ಮಂಜನ್ನು ನೋಡಿದರು. ಎರಡೂ ಪುಟಸಂಖ್ಯೆಗಳನ್ನು ಹೊಡೆದುಹಾಕಿ, ‘ಸ್ವತಃ ಕೇಳಿ ಬರೆದದ್ದು’ ಎಂದು ಸೇರಿಸಿ ಸಹಿ ಹಾಕಿದರು. ಅವರ ಬಸ್ಸು ಬಂತು. ಎದ್ದು ನಿಂತವರು ಚೀಲದಿಂದ ಆ ನಾಲ್ಕು ಹಾಳೆಗಳನ್ನು ತೆಗೆದು, ಅವಳ ಕೈಗಿಟ್ಟು ಹತ್ತಿ ಹೋದರು.