ಕೆಮ್ಮದ ತಮ್ಮ

ಹಾಳು ಬಾವಿಯ ಪಕ್ಕದ ದಾರಿ. ಸರಿರಾತ್ರಿ. ನನ್ನ ಸೋದರತ್ತೆ ಮಗ ಒಬ್ಬನೇ ಓಡೋಡಿ ಬರುತ್ತಿದ್ದ, ಕಂಕುಳಲ್ಲಿ ತಮ್ಮನ ಎಕ್ಸ್‌ರೇ. ಹತ್ತಿ ಹಿಂಜಿ ಹಾಸಿಗೆ ಹೊಲಿಯುವವನು, ಬೀದಿಗೆಲ್ಲ ಹಾಸಿಗೆಯಣ್ಣ. ನನ್ನನ್ನು ಕಂಡರೆ ದೆವ್ವಗಳೇ ಬದಿಗೆ ಸರಿದು ದಾರಿ ಬಿಡುತ್ತವೆ, ಅದು ಬೇರೆ ಮಾತು. ಪಾಪ, ಅವನಿಗೆ ಆ ಯೋಗ ಇರಲಿಲ್ಲ.

ಹಿಂದೊಮ್ಮೆ ಅವನಿಗೇ ಟಿ.ಬಿ. ಆಗಿತ್ತು. ಅದೆಂಥಾ ಕೆಮ್ಮು ಅಂತೀರಿ! ಖೊಳ್... ಖೊಳ್... ಖರ್‍ರ್... ಅವನು ಕೆಮ್ಮಿದರೆ ಎದುರುಮನೆಯ ಬೀಗ ತಾನಾಗಿ ಕಳಚಿಕೊಳ್ಳುತ್ತಿತ್ತು. ಕಫದಲ್ಲಿ ರಕ್ತ ಬಿತ್ತು. ಪರೀಕ್ಷೆಯಲ್ಲಿ ಕಾಯಿಲೆ ಸಿಕ್ಕಿತು. ತಿಂಗಳುಗಟ್ಟಲೆ ಮಾತ್ರೆ ನುಂಗಿ ಗುಂಡುಕಲ್ಲಿನ ಹಾಗಾದ. ಅಲ್ಲಿಂದ ಮುಂದೆ ಆ ಮನೆಯಲ್ಲಿ ಒಂದು ರೂಢಿ: ಮಲಗುವ ಮುಂಚೆ ತಮ್ಮನ ಕೋಣೆಯ ಗೋಡೆಗೆ ಕಿವಿ ಇಡುವುದು. ಕೆಮ್ಮಿಲ್ಲವೇ? ಸರಿ, ಕಾಯಿಲೆಯೂ ಇಲ್ಲ.

ತಮ್ಮ ಕೆಮ್ಮಲೇ ಇಲ್ಲ. ಸಂಜೆಯಾದರೆ ಜ್ವರ, ರಾತ್ರಿ ಹೊದಿಕೆ ಹಿಂಡುವಷ್ಟು ಬೆವರು. ಊಟ ಸೇರದು. ಪ್ಯಾಂಟು ಸೊಂಟದಲ್ಲಿ ನಿಲ್ಲದು. ಮೆಟ್ಟಿಲು ಹತ್ತಿದರೆ ಏದುಸಿರು.

"ಸೋಮಾರಿ ಜ್ವರ ಕಣೋ ನಿಂದು," ಅಂತ ಅಣ್ಣ ಛೇಡಿಸಿದ. "ಟಿ.ಬಿ. ಹೇಗಿರುತ್ತೆ ಅಂತ ನನ್ನನ್ನ ಕೇಳು!"

ಕಫ ತಾ ಎಂದು ಆಸ್ಪತ್ರೆಯವರು ಡಬ್ಬಿ ಕೊಟ್ಟರು. ಕೆಮ್ಮೇ ಇಲ್ಲದವನಿಗೆ ಎಲ್ಲಿಯ ಕಫ? ಬಂದದ್ದು ಬರೀ ಉಗುಳು. ಅದರಲ್ಲಿ ಏನೂ ಸಿಗಲಿಲ್ಲ. ಮನೆಯವರು ಬೀದಿಗೆಲ್ಲ ಸಿಹಿ ಹಂಚಿದರು.

ಎಕ್ಸ್‌ರೇ ತೆಗೆಸಲೇಬೇಕು ಅಂತ ಡಾಕ್ಟರಮ್ಮ ಹಟ ಹಿಡಿದಿದ್ದಕ್ಕೆ ತೆಗೆಸಿದ್ದು. ಅದನ್ನು ನೋಡಿಸಲು ಹಾಸಿಗೆಯಣ್ಣ ಆ ದಿನ ಅಂಗಡಿ ಮುಚ್ಚಿ, ಹರಟೆ ಹೊಡೆದು, ನಿಧಾನಕ್ಕೆ ಹೋದ. ರಾತ್ರಿ ಪಾಳಿಯಲ್ಲಿದ್ದ ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ಅವನನ್ನು ಹತ್ತಿರ ಕರೆದರು.

"ನಿನ್ನ ಶ್ವಾಸಕೋಶದಲ್ಲಿ ಒಂದು ಕಡೆ ಗುಳಿ ಬಿದ್ದಿತ್ತು. ಕೆಮ್ಮಿಸಿ, ರಕ್ತ ಉಗುಳಿಸಿ, ನಾನಿದ್ದೀನಿ ಅಂತ ಕೂಗಿ ಹೇಳ್ತು. ಇವನದು ನೋಡು... ಎರಡೂ ಕಡೆ ಸಾಸಿವೆ ಎರಚಿದ ಹಾಗೆ. ಇದೂ ಟಿ.ಬಿ.ನೇ. ರಕ್ತದಲ್ಲಿ ಸೇರಿ ಮೈಯೆಲ್ಲ ಹರಡುತ್ತೆ. ಕೆಮ್ಮೇ ಇಲ್ಲದೆ ಇರಬಹುದು, ಕಫದಲ್ಲಿ ಸಿಗದೆಯೂ ಇರಬಹುದು. ಬೆಳಗಿನವರೆಗೆ ಕಾಯಬೇಡ. ಈಗಲೇ ಕರ್ಕೊಂಡು ಬಾ."

ಅದಕ್ಕೇ ಆ ಓಟ.

ಬಾವಿಕಟ್ಟೆ ಹತ್ತಿರ ಬಂದಾಗ ಕೇಳಿಸಿತು... ಖೊಳ್... ಖೊಳ್... ಖರ್‍ರ್...

ಕಾಲು ನಿಂತೇಹೋಯಿತು. ಅದು ಅವನದೇ ಹಳೆಯ ಕೆಮ್ಮು! ಕೊನೆಯ ಆ 'ಖರ್‍ರ್' ಸಮೇತ. ಕಟ್ಟೆಯ ಮೇಲೆ ಯಾರೋ ಕೂತಿದ್ದರು.

"ಯಾರದು?"

"ನಾನೇ, ಅಣ್ಣ."

ತಮ್ಮ!

"ಇಲ್ಲಿಗ್ಯಾಕೋ ಬಂದೆ? ಏಳು, ಆಸ್ಪತ್ರೆಗೆ ಹೋಗೋಣ!"

ತಮ್ಮ ಎದ್ದು ಬಂದು ಅಣ್ಣನ ಎಡ ಹೆಗಲ ಮೇಲೆ ಕೈ ಇಟ್ಟ. ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದ.

"ನಿನ್ನ ಹಾಗೇ ಕೆಮ್ಮಿದೆ ಅಣ್ಣ... ಈಗ ನಂಬ್ತೀಯ?"

"ನಂಬ್ತೀನಿ ಕಣೋ... ನಂಬ್ತೀನಿ..."

ತಿರುಗಿ ನೋಡಿದರೆ ಯಾರೂ ಇಲ್ಲ. ಬಾವಿಯೊಳಗೆ ಒಂದು ಕಲ್ಲು ಜಾರಿತು... ಟಪ್... ಟಪ್... ನೀರಿಗೆ ಬಿದ್ದ ಸದ್ದು ಮಾತ್ರ ಬರಲಿಲ್ಲ.

ಅಲ್ಲಿಂದ ಮನೆಗೆ ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ. ಹೆಂಡತಿ ನಗುನಗುತ್ತಾ ಬಾಗಿಲು ತೆಗೆದಳು.

"ಮೆಲ್ಲಗೆ ಬನ್ನಿ. ಮೈದುನನಿಗೆ ಜ್ವರ ಬಿಟ್ಟಿದೆ ರೀ! ಈಗ ತಾನೇ ಮುಟ್ಟಿ ನೋಡಿದೆ, ಮೈ ತಣ್ಣಗಿದೆ. ಏದುಸಿರೂ ಇಲ್ಲ. ಎಷ್ಟು ಚೆನ್ನಾಗಿ ನಿದ್ದೆ ಬಂದಿದೆ ಅಂತೀರಿ..."

ಅವನು ಅಲ್ಲೇ ಹೊಸಿಲ ಮೇಲೆ ಕುಸಿದು ಕೂತ. ಒಳಗೆ ಹೋಗಲು ಅವನಿಂದ ಆಗಲಿಲ್ಲ.

ನಾನು ನೂರು ಬುರುಡೆ ಬಿಟ್ಟಿದ್ದೀನಿ, ನಿಜ. ಇದು ಅವುಗಳಲ್ಲಿ ಒಂದಲ್ಲ. ಅವನ ಆ ದಿನದ ಅಂಗಿ ಇವತ್ತಿಗೂ ಹಿತ್ತಲಿನ ಹಗ್ಗದ ಮೇಲಿದೆ. ಸುಡುಬಿಸಿಲಿಗೆ ಹಾಕಿದರೂ, ಎಡ ಹೆಗಲ ಹತ್ತಿರ ಅಂಗೈಯಗಲ ಇನ್ನೂ ಒದ್ದೆ. ಮೂಸಿ ನೋಡಿದೆ. ಬೆವರು.